ಸಂಜ್ಞಾಭಾಷೆಯೂ ಮನಸ್ಸಿನ ಗಾಯವೂ

ಭಾಷೆಯೆಂದರೆ ನಾಲಗೆಯಿಂದ ಹೊರಡುವ ಧ್ವನಿಯೇ ಎಂಬ ಭಾವನೆಯು ವಿದ್ವಾಂಸರಲ್ಲಿಯೂ ಬಹುಕಾಲ ನೆಲಸಿದ್ದಿತು. ಅಮೆರಿಕದ ಬಧಿರರ ಸಂಜ್ಞಾಭಾಷೆಯಲ್ಲಿ ಕೈಯ ಆಕಾರ, ಸ್ಥಾನ, ಚಲನೆಗಳು ವರ್ಣಗಳಂತೆ ಕೂಡಿ ಪದಗಳಾಗುವುವೆಂದು ವಿಲಿಯಂ ಸ್ಟೋಕಿ ಎಂಬ ಪಂಡಿತನು 1960ರಲ್ಲಿ ತೋರಿಸಿದ ಮೇಲೆ ಅದು ಸಡಿಲವಾಯಿತು. ಆದರೆ ಈ ಭಾಷೆಯನ್ನಾಡುವವರಲ್ಲಿಯೇ ಕೆಲವರ ಕೈ ನಿರರ್ಗಳವಾಗಿ ಹರಿಯುವುದು, ಕೆಲವರದು ತಡವರಿಸುವುದು. ಇದಕ್ಕೆ ಕಾರಣವೇನು?

ಮೊದಲನೆಯದು ಕಲಿತ ವಯಸ್ಸು. ಅಮೆರಿಕದ ಬಧಿರ ಶಿಶುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ಅವರಲ್ಲಿ ಅನೇಕರಿಗೆ ಸಂಜ್ಞಾಭಾಷೆಯು ತಡವಾಗಿ ದೊರೆಯುವುದು. ಹಾಗೆ ಕಲಿತವರು ಹಲವು ದಶಕಗಳು ಬಳಸಿದರೂ ವ್ಯಾಕರಣದ ಸೂಕ್ಷ್ಮಗಳಲ್ಲಿ ಶೈಶವದಿಂದ ಕಲಿತವರ ಸಮಕ್ಕೆ ಬರುವುದು ಕಷ್ಟ.

ಎರಡನೆಯದು ಅವಮಾನ. 1880ರಲ್ಲಿ ಮಿಲಾನ್ ನಗರದಲ್ಲಿ ನೆರೆದ ಶಿಕ್ಷಕರ ಸಮ್ಮೇಳನವು ಸಂಜ್ಞೆಗಿಂತ ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿತು. ಅನಂತರ ಯೂರೋಪು, ಅಮೆರಿಕಗಳ ಅನೇಕ ಶಾಲೆಗಳಲ್ಲಿ ಸಂಜ್ಞೆ ನಿಷಿದ್ಧವಾಯಿತು. ಕೈಯಾಡಿಸಿದ ಮಕ್ಕಳು ದಂಡನೆಗೊಳಗಾದರು. ಭಾಷೆಯೊಡನೆ ನಾಚಿಕೆಯನ್ನೂ ಅವರು ಕಲಿತರು.

ಈ ನಾಚಿಕೆಯು ಕೈಯನ್ನು ಹೇಗೆ ತಡೆಯುವುದು? ನಾವು ಮನಸ್ಸಿನಲ್ಲಿ ನುಡಿದುಕೊಳ್ಳುವಂತೆ ಬಧಿರರೂ ಸಂಜ್ಞೆಗಳಲ್ಲಿ ಸ್ವಗತವಾಡುವರು. 1970ರ ದಶಕದ ಸ್ಮರಣಪರೀಕ್ಷೆಗಳಲ್ಲಿ ಅವರು ‘ಮತದಾನ’ ಎಂಬುದಕ್ಕೆ ಬದಲಾಗಿ ‘ಚಹ’ ಎಂದು ಬರೆದುದುಂಟು. ಅರ್ಥದಲ್ಲಿ ದೂರವಾದರೂ ಇವೆರಡರ ಸಂಜ್ಞೆಗಳು ಒಂದನ್ನೊಂದು ಹೋಲುವುವು. ಅವರ ಮನಸ್ಸು ನೆನಪಿಡುವುದು ಸಂಜ್ಞೆಯನ್ನೇ ಎಂಬುದಕ್ಕೆ ಇದು ಸಾಕ್ಷಿ. ಆ ಸ್ವಗತವೇ “ನನ್ನ ಸನ್ನೆ ಕೀಳು, ನೋಡಿದವರು ನಗುವರು” ಎಂದು ಗದರಿಸತೊಡಗಿದರೆ, ಮಾತಿಗೆ ಸಲ್ಲಬೇಕಾದ ಅವಧಾನದಲ್ಲಿ ಒಂದು ಪಾಲು ತನ್ನನ್ನೇ ಕಾಯುವುದಕ್ಕೆ ವ್ಯಯವಾಗುವುದೆಂದು ತಿಳಿಯಬಹುದು. ಇದಲ್ಲದೆ, ಈ ಭಾಷೆಯಲ್ಲಿ ಪ್ರಶ್ನೆಯನ್ನು ಸೂಚಿಸುವುದು ಹುಬ್ಬು. ಮುಖವೂ ವ್ಯಾಕರಣದ ಅಂಗ. ಸಂಕೋಚದಿಂದ ಮುಖವು ಬಿಗಿದರೆ ವಾಕ್ಯವೇ ಅಸ್ಪಷ್ಟವಾಗುವುದು. “ಗ್ರಾಮ್ಯ”ವೆಂದು ಹಳಿಸಿಕೊಂಡ ಹುಡುಗನು ತರಗತಿಯಲ್ಲಿ ಬಾಯಿ ಕಟ್ಟಿ ನಿಲ್ಲುವುದನ್ನು ಕಂಡ ಉಪಾಧ್ಯಾಯರಿಗೆ ಇದು ಅಪರಿಚಿತವಲ್ಲ.

ಈ ಎರಡು ಕಾರಣಗಳನ್ನು ಬೆರಸಬಾರದು. ತಡವಾಗಿ ಕಲಿತವನಿಗೆ ನುರಿತವರ ಸಹವಾಸವೂ ಅಭ್ಯಾಸವೂ ಬೇಕು. ಗಾಯಗೊಂಡವನಿಗೆ ಅಭ್ಯಾಸಕ್ಕಿಂತ ಮೊದಲು ಮನ್ನಣೆ ಬೇಕು. ತಿದ್ದುಪಡಿಯೊಂದನ್ನೇ ಹೆಚ್ಚಿಸಿದರೆ ಒಳಗಿನ ಗದರಿಕೆಗೆ ಹೊರಗಿನದೂ ಸೇರುವುದು. ಮಿಲಾನಿನ ನಿರ್ಣಯಗಳಿಗಾಗಿ 2010ರಲ್ಲಿ ವ್ಯಾಂಕೂವರಿನ ಅಂತರರಾಷ್ಟ್ರೀಯ ಸಮ್ಮೇಳನವು ವಿಷಾದವನ್ನು ಸೂಚಿಸಿತು. ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದುವು.