ಮಟ್ಟುಗುಳ್ಳದ ಹಸಿರು ಎಲ್ಲಿಂದ ಬಂತು?

ಉಡುಪಿ ಬಳಿಯ ಕಟಪಾಡಿಯಿಂದ ಕಡಲಿನತ್ತ ಹೊರಟರೆ ಮಟ್ಟು ಸಿಗುತ್ತದೆ. ಅಲ್ಲಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ತಿಳಿಹಸಿರು ಮೈ, ಮೇಲೆ ಬಿಳಿ ಗೀರು. ಈ ಬದನೆಯ ಫೋಟೊವನ್ನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿ, ಭೂತಗನ್ನಡಿ ಹಿಡಿದು ನೋಡಬೇಕು. ಹಸಿರು ಮಾಯ! ನೀಲಿ ಚುಕ್ಕಿ, ಹಳದಿ ಚುಕ್ಕಿ, ನೆರಳಿರುವಲ್ಲಿ ಒಂದಿಷ್ಟು ಕಪ್ಪು. ಬಿಳಿ ಗೀರಿನ ಜಾಗದಲ್ಲಿ ಏನೂ ಇಲ್ಲ, ಬರೀ ಕಾಗದ.

ಕಲರ್ ಲೇಸರ್ ಪ್ರಿಂಟರಿನ ಹೊಟ್ಟೆಯಲ್ಲಿ ಹಸಿರು ಬಣ್ಣ ಇರುವುದೇ ಇಲ್ಲ. ಇರುವುದು ನಾಲ್ಕೇ ಡಬ್ಬಿ: ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಗುಲಾಬಿಗೆಂಪು, ಹಳದಿ ಮತ್ತು ಕಪ್ಪು. ಮೊದಲ ಮೂರನ್ನು ಬೆರೆಸಿದರೆ ಕಪ್ಪಾಗಬೇಕು ಎನ್ನುವುದು ಲೆಕ್ಕ. ಕಾಗದದ ಮೇಲೆ ಬರುವುದು ಮಂಕು ಕಂದು. ಹಾಗಾಗಿ ಕಪ್ಪಿಗೆ ಬೇರೆಯೇ ಡಬ್ಬಿ. ಈ ಡಬ್ಬಿಗಳೊಳಗಿರುವ ಟೋನರ್ ಶಾಯಿಯಲ್ಲ, ಬಣ್ಣ ಸೇರಿಸಿದ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಒಂದೊಂದು ಕಣ ಸುಮಾರು 5ರಿಂದ 8 ಮೈಕ್ರಾನ್. ತಲೆಗೂದಲಿನ ದಪ್ಪದ ಹತ್ತನೇ ಒಂದರಷ್ಟು.

ಲೇಸರ್ ಕಾಗದದ ಮೇಲೆ ಬರೆಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಕಾಗದವನ್ನು ಮುಟ್ಟುವುದೇ ಇಲ್ಲ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಆ ಸ್ಥಿರ ವಿದ್ಯುತ್ತಿನದೇ ಇಲ್ಲಿಯೂ ಕೆಲಸ. ಯಂತ್ರದೊಳಗಿನ ಡ್ರಮ್ಮಿಗೆ ಬೆಳಕು ಬಿದ್ದಲ್ಲಿ ಮಾತ್ರ ವಿದ್ಯುತ್ ಹರಿಯಲು ಬಿಡುವ ಲೇಪನವಿದೆ. ಮೊದಲು ಅದರ ಮೈಗೆಲ್ಲ ಋಣ ವಿದ್ಯುತ್ ತುಂಬುತ್ತಾರೆ. ಗಿರಗಿರ ತಿರುಗುವ ಬಹುಮುಖದ ಕನ್ನಡಿಗೆ ಬಡಿದ ಲೇಸರ್ ಕಿರಣ, ಸಾಲು ಸಾಲಾಗಿ ಡ್ರಮ್ಮಿನ ಮೇಲೆ ಓಡುತ್ತದೆ. ಕಿರಣ ಬಿದ್ದ ಬಿಂದುವಿನ ವಿದ್ಯುತ್ ಇಳಿದುಹೋಗುತ್ತದೆ. ಟೋನರಿಗೂ ಋಣ ವಿದ್ಯುತ್ತೇ ಇರುವುದರಿಂದ ತುಂಬಿದ ಜಾಗ ಅದನ್ನು ದೂಡುತ್ತದೆ, ಇಳಿದ ಜಾಗದಲ್ಲಿ ಅದು ಕೂರುತ್ತದೆ. ಇಂಚಿಗೆ 600 ಬಿಂದು ಎಂದರೆ ಒಂದು ಚದರ ಇಂಚಿನಲ್ಲಿ 3,60,000 ಬಾರಿ ಈ ತೀರ್ಮಾನ.

ಈಗಿನ ಹೆಚ್ಚಿನ ಯಂತ್ರಗಳಲ್ಲಿ ಬಣ್ಣಕ್ಕೊಂದರಂತೆ ನಾಲ್ಕು ಡ್ರಮ್. ನಾಲ್ಕೂ ಸರದಿಯಲ್ಲಿ ಒಂದು ಬೆಲ್ಟಿನ ಮೇಲೆ ಪುಡಿ ಇಳಿಸುತ್ತವೆ, ಬೆಲ್ಟಿನಿಂದ ಅದು ಕಾಗದಕ್ಕೆ ದಾಟುತ್ತದೆ. ಕೊನೆಗೆ ಸುಮಾರು 180 ಡಿಗ್ರಿ ಸೆಲ್ಸಿಯಸ್ಸಿನ ರೋಲರುಗಳ ನಡುವೆ ಸಿಕ್ಕಿ ಪ್ಲಾಸ್ಟಿಕ್ ಕರಗಿ ಕಾಗದಕ್ಕೆ ಅಂಟುತ್ತದೆ. ಪ್ರಿಂಟು ಕೈಗೆ ಬಂದಾಗ ಬೆಚ್ಚಗಿರುವುದು ಅದಕ್ಕೇ.

ಸ್ಥಿರ ವಿದ್ಯುತ್ತಿನಿಂದ ಪುಡಿ ಕೂರಿಸುವ ಈ ಉಪಾಯದ ಮೂಲ ಚೆಸ್ಟರ್ ಕಾರ್ಲ್‌ಸನ್‌ನದು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಗಂಧಕ ಬಳಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ, ಬೆಳಕು ಹಾಯಿಸಿ, ಪುಡಿ ಉದುರಿಸಿ ಆತ ತೆಗೆದ ಮೊದಲ ಪ್ರತಿಯಲ್ಲಿ ಇದ್ದದ್ದು ಆ ದಿನದ ತಾರೀಕು ಮತ್ತು ಊರಿನ ಹೆಸರು. ಇದಕ್ಕೆ ಲೇಸರ್ ಜೋಡಿಸಿದವನು ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್. ಕಂಪನಿಯ ಲೇಸರ್ ಪ್ರಿಂಟರ್ 1977ರಲ್ಲಿ ಮಾರುಕಟ್ಟೆಗೆ ಬಂತು.

ಕರಾವಳಿಗೆ ಮುದ್ರಣವೇನೂ ಹೊಸದಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಮಣಿಪಾಲ ಪವರ್ ಪ್ರೆಸ್ 1941ರದ್ದು. ಕಲ್ಲಿರಲಿ, ಮೊಳೆ ಇರಲಿ, ಆಫ್‌ಸೆಟ್ ಪ್ಲೇಟೇ ಇರಲಿ, ಅಲ್ಲೆಲ್ಲ ಮೊದಲು ಅಚ್ಚು ಕೂಡಿಸಬೇಕು. ಆಮೇಲೆ ಪ್ರತಿ ಹೆಚ್ಚಿದಷ್ಟೂ ಅಗ್ಗ. ಲೇಸರಿನ ಡ್ರಮ್ ಪ್ರತಿ ಸುತ್ತಿಗೂ ಅಳಿಸಿ ಹೊಸದಾಗುತ್ತದೆ. ಗೃಹಪ್ರವೇಶದ 50 ಕಾಗದಕ್ಕೆ 50 ಬೇರೆ ಬೇರೆ ಹೆಸರು ಹಾಕುವುದು ಅದಕ್ಕೆ ಕಷ್ಟವೇ ಅಲ್ಲ. ಯಕ್ಷಗಾನ ಆಟದ ಕರಪತ್ರ ಸಾವಿರಗಟ್ಟಲೆ ಬೇಕಿದ್ದರೆ ಈಗಲೂ ಆಫ್‌ಸೆಟ್ಟೇ ಲಾಭ.

ಸ್ಥಿರ ವಿದ್ಯುತ್ತನ್ನೇ ನಂಬಿದ ಯಂತ್ರಕ್ಕೆ ಮಳೆ ಸುರಿಯುವ ನಮ್ಮ ಆಟಿ ತಿಂಗಳು ಶತ್ರು. ಕಾಗದ ಗಾಳಿಯ ತೇವ ಹೀರಿದರೆ ಅದರ ವಿದ್ಯುತ್ ಸೋರಿಹೋಗುತ್ತದೆ, ಪುಡಿ ಬೆಲ್ಟಿನಿಂದ ಸರಿಯಾಗಿ ದಾಟುವುದಿಲ್ಲ. ಚಿತ್ರದ ದಟ್ಟ ನೀಲಿ ಆಕಾಶದಲ್ಲಿ ಮಚ್ಚೆ ಬೀಳುತ್ತದೆ, ಹಾಳೆ ಸುರುಳುತ್ತದೆ. ಬೈಗುಳವೆಲ್ಲ ಯಂತ್ರಕ್ಕೆ, ತಪ್ಪು ಬಹಳ ಸಲ ಕಾಗದದ್ದು.

ಸಣ್ಣ ಅಕ್ಷರದ ತಾಪತ್ರಯ ಬೇರೆ. ನಾಲ್ಕು ಬಣ್ಣಗಳ ಪದರ ಕೂದಲೆಳೆಯಷ್ಟು ಜಾರಿದರೂ ಒತ್ತಕ್ಷರಗಳ ಅಂಚಿಗೆ ಗುಲಾಬಿ ನೆರಳು ಬಂದು ಓದುವುದೇ ಕಷ್ಟ. ಬರಹವನ್ನು ಬೆರಕೆ ಬಣ್ಣದಲ್ಲಿಡದೆ ಕಪ್ಪು ಟೋನರೊಂದರಲ್ಲೇ ಹಾಕಿಸುವುದು ಕ್ಷೇಮ. ನಾವು ಹಾಕಿಸಿದ್ದರ ಜೊತೆಗೆ ಅನೇಕ ಕಲರ್ ಲೇಸರ್ ಯಂತ್ರಗಳು ಕೇಳದೆಯೇ ಬೇರೊಂದನ್ನೂ ಹಾಕುತ್ತವೆ: ಯಂತ್ರದ ಕ್ರಮಸಂಖ್ಯೆ ಅಡಗಿಸಿದ, ಬರಿಗಣ್ಣಿಗೆ ಕಾಣದ ಹಳದಿ ಚುಕ್ಕಿಗಳು. ಅಂಥದ್ದೊಂದು ಸಂಕೇತವನ್ನು 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಬಿಡಿಸಿ ತೋರಿಸಿತು.

ಟೋನರ್ ಕಾಗದದೊಳಗೆ ಇಂಗುವುದಿಲ್ಲ, ಮೇಲೆ ಪದರವಾಗಿ ಕೂರುತ್ತದೆ. ಮಳೆಹನಿ ಬಿದ್ದರೂ ಬಣ್ಣ ಹರಡದು. ಆದರೆ ದಟ್ಟ ಕೆಂಪಿನ ಮದುವೆ ಕಾಗದವನ್ನು ಮಡಚಿದರೆ ಮಡಿಕೆಯಲ್ಲಿ ಪದರ ಒಡೆದು ಬಿಳಿ ಗೆರೆ ಇಣುಕುತ್ತದೆ. ಮಡಿಕೆ ಬರುವಲ್ಲಿ ಗಾಢ ಬಣ್ಣ ಬೇಡ ಎಂದು ಮೊದಲೇ ಹೇಳಿಬಿಡಿ. ಮಳೆಗಾಲದಲ್ಲಿ ಕಾಗದದ ಕಟ್ಟನ್ನು ಬಿಚ್ಚಿಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಆಮಂತ್ರಣ ಮಾಡಿಸುವಾಗ ಮೊದಲು ಒಂದೇ ಪ್ರತಿ ಹಾಕಿಸಿ, ಮಡಚಿ ನೋಡಿ, ಉಳಿದದ್ದಕ್ಕೆ ಆಮೇಲೆ ಹೇಳಿ.