ಮುಗಿಲಿನ ಬೀಜ

ಕಡಲ ತೀರದಲ್ಲಿ ಕೊಂಚ ಹೊತ್ತು ನಿಂತರೆ ತುಟಿಗೆ ಉಪ್ಪಿನ ರುಚಿ ಹತ್ತುವುದಷ್ಟೆ. ಆ ಉಪ್ಪು ಗಾಳಿಗೆ ಬಂದುದು ಹೇಗೆ? ತೆರೆಗಳು ಒಡೆದಾಗ ನೀರಿನೊಳಗೆ ಸಿಕ್ಕಿದ ಗಾಳಿಯು ಗುಳ್ಳೆಗಳಾಗಿ ಮೇಲೆದ್ದು ಸಿಡಿಯುತ್ತದೆ. ಆಗ ಹಾರಿದ ಹನಿಗಳು ಆರಲು, ಉಪ್ಪಿನ ಕಣಗಳು ಗಾಳಿಯಲ್ಲಿ ಉಳಿಯುತ್ತವೆ.

ಇಂತಹ ಕಣಗಳಿಲ್ಲದೆ ಮುಗಿಲಿಲ್ಲ. ನೀರಾವಿಯು ಹನಿಗಟ್ಟಲು ಒಂದು ಆಸರೆ ಬೇಕೆಂಬುದನ್ನು ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಐಟ್ಕೆನ್ನರು 1880ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಕಡಲು ಮತ್ತೊಂದು ಬಗೆಯಿಂದಲೂ ಕಣಗಳನ್ನು ಒದಗಿಸುತ್ತದೆ. ಅದರ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕೋಟ್ಯನುಕೋಟಿಯಾಗಿ ತೇಲುತ್ತಿರುವುವು. ಇವುಗಳ ದೇಹದ ಒಂದು ಪದಾರ್ಥದಿಂದ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕಯುಕ್ತ ಅನಿಲವು ಹುಟ್ಟುತ್ತದೆ. ಕಡಲಿನ ವಾಸನೆಯಲ್ಲಿ ಇದರ ಪಾಲೂ ಉಂಟು. ಬಿಸಿಲು ಬಿದ್ದ ಗಾಳಿಯಲ್ಲಿ ಅದು ಕ್ರಮವಾಗಿ ಮಾರ್ಪಟ್ಟು, ಗಂಧಕಾಮ್ಲದ ಅತಿಸೂಕ್ಷ್ಮ ಕಣಗಳಿಗೆ ಕಾರಣವಾಗುತ್ತದೆ.

ಈ ಸಸ್ಯಗಳೇ ಮುಗಿಲಿನ ಮೂಲಕ ಭೂಮಿಯ ತಾಪವನ್ನು ಹದದಲ್ಲಿಡುತ್ತಿರಬಹುದೆಂದು 1987ರಲ್ಲಿ ಚಾರ್ಲ್ಸನ್, ಲವ್‌ಲಾಕ್, ಆಂಡ್ರಿಯೇ, ವಾರೆನ್ ಎಂಬ ನಾಲ್ವರು ಊಹಿಸಿದರು. ಸಂಗತಿಯು ಅಷ್ಟು ಸರಳವಲ್ಲವೆಂದು ಮುಂದಿನ ಶೋಧನೆಗಳಿಂದ ತಿಳಿದುಬಂದಿದೆ.

ಆದರೂ ಈ ವಿಚಾರವು ಉಪೇಕ್ಷಣೀಯವಲ್ಲ. ನಮ್ಮ ಒಲೆ, ಯಂತ್ರ, ಹಡಗುಗಳ ಹೊಗೆಯೂ ಮುಗಿಲಿಗೆ ಕಣಗಳನ್ನು ಬೆರಸುತ್ತಲೇ ಇದೆ. ಇದರಿಂದ ಭೂಮಿಯ ತಾಪದಲ್ಲಿ ಆಗುವ ವ್ಯತ್ಯಾಸವನ್ನು ಅಳೆಯಬೇಕಾದರೆ, ಕಡಲು ತಾನಾಗಿ ಕೊಡುವುದೆಷ್ಟೆಂದು ಮೊದಲು ಅರಿಯಬೇಕು. ಹಿಂದಿನ ಶಿಲ್ಕು ತಿಳಿಯದೆ ಮನೆಯ ಈ ತಿಂಗಳ ಲೆಕ್ಕವನ್ನು ಬರೆಯುವುದೆಂತು?