ಕಾಮಾಸಕ್ತಿಗೆ ಗಿಡಮೂಲಿಕೆ ಕ್ಯಾಪ್ಸೂಲ್: ಆರೋಗ್ಯಪಚ್ಚ, ಮುಸ್ಲಿ, ಅಶ್ವಗಂಧ - ಯಾವುದಕ್ಕೆ ಎಷ್ಟು ಪುರಾವೆ?

‘ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಏನಿರುತ್ತೆ?’ ಕಾಮಾಸಕ್ತಿ ಹೆಚ್ಚಿಸುವ ಕ್ಯಾಪ್ಸೂಲ್ ಕೊಳ್ಳುವ ಹಲವರ ಮಾತಿದು. ಕೇರಳದ ತಜ್ಞರ ನೇತೃತ್ವದ ಎರಡು ಅಧ್ಯಯನಗಳನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲ.

ತಿರುವನಂತಪುರ ಜಿಲ್ಲೆಯ ಅಗಸ್ತ್ಯ ಬೆಟ್ಟದ ಕಾಣಿ ಬುಡಕಟ್ಟಿನವರು ದಣಿವಾರಿಸಿಕೊಳ್ಳಲು ಆರೋಗ್ಯಪಚ್ಚದ ಕಾಯಿ ತಿನ್ನುತ್ತಾರೆ. ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರಿಂದಲೇ ‘ಜೀವನಿ’ ಟಾನಿಕ್ ರೂಪಿಸಿದರು. ಇದರ ಎಲೆಯ ಸಾರ ಕಾಮಾಸಕ್ತಿ ಹೆಚ್ಚಿಸಿತೆಂದು 1997ರಲ್ಲಿ ಅವರ ಅಧ್ಯಯನ ಹೇಳಿತು. ಆದರೆ ಪ್ರಯೋಗ ನಡೆದದ್ದು ಗಂಡು ಇಲಿಗಳ ಮೇಲೆ! ಸಫೇದ್ ಮುಸ್ಲಿಯದೂ ಹೆಚ್ಚುಕಡಿಮೆ ಇದೇ ಕಥೆ.

ಅಶ್ವಗಂಧದ ಪರವಾಗಿ ಮನುಷ್ಯರ ಮೇಲಿನ ಸಣ್ಣ ಪ್ರಯೋಗಗಳಿವೆ. ಹಾಗಂತ ಎಲ್ಲರಿಗೂ ಸುರಕ್ಷಿತವಲ್ಲ. ಅಶ್ವಗಂಧ ಸೇವಿಸಿ ಲಿವರ್‌ಗೆ ಹಾನಿಯಾದವರ ಪ್ರಕರಣಗಳನ್ನು ಕೊಚ್ಚಿ ಸಮೀಪದ ಆಲುವಾದ ರಾಜಗಿರಿ ಆಸ್ಪತ್ರೆ ವೈದ್ಯರ ನೇತೃತ್ವದ ತಂಡ 2023ರಲ್ಲಿ ವರದಿ ಮಾಡಿತು. ಮೊದಲೇ ಲಿವರ್ ಕಾಯಿಲೆಯಿದ್ದ ಮೂವರು ಮೃತಪಟ್ಟಿದ್ದರು.

ಇನ್ನು, ನುಂಗಿದ ಗಂಟೆಯೊಳಗೇ ‘ಪರಿಣಾಮ’ ಕಂಡರೆ ಅನುಮಾನಪಡಿ. ಗಿಡಮೂಲಿಕೆ ಹೆಸರಿನ ಉತ್ಪನ್ನಗಳಲ್ಲಿ ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದರಿಂದ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಅಂದಹಾಗೆ, ಲೈಂಗಿಕ ಶಕ್ತಿ ಹೆಚ್ಚಿಸುತ್ತದೆಂದು ಔಷಧಿಗೆ ಜಾಹೀರಾತು ನೀಡುವುದನ್ನೇ ನಮ್ಮ ದೇಶದ 1954ರ ಕಾಯ್ದೆ ನಿಷೇಧಿಸಿದೆ.